ಒಂದು ಹಣದ ಬೆಲೆ ಎಷ್ಟು? ನಾಣ್ಯ ಪ್ರದರ್ಶನದಲ್ಲಿ ಜಯಲಕ್ಷ್ಮಿಪುರಂನ ಸಂಗ್ರಾಹಕರೊಬ್ಬರ ದಿನ

ಮೈಸೂರು: ನಾಣ್ಯ ಪ್ರದರ್ಶನದ ಬಾಗಿಲಲ್ಲಿ ಕಾಲು ಗಂಟೆ ನಿಂತರೆ ಸಾಕು, ಒಂದೇ ಪ್ರಶ್ನೆಯನ್ನು ಹತ್ತು ಬಾಯಿಗಳಿಂದ ಕೇಳಬಹುದು. ಕರವಸ್ತ್ರದ ಗಂಟಿನಲ್ಲಿ, ಕುಂಕುಮದ ಭರಣಿಯಲ್ಲಿ, ಹಳೆಯ ಔಷಧದ ಡಬ್ಬಿಯಲ್ಲಿ ತಂದ ನಾಲ್ಕಾರು ನಾಣ್ಯಗಳನ್ನು ಮೇಜಿನ ಮೇಲೆ ಸುರಿದು, 'ಇದಕ್ಕೆ ಎಷ್ಟು ಸಿಗುತ್ತದೆ ಸಾರ್?' ಎಂದು ಕೇಳುವವರೇ ಅಲ್ಲಿ ಹೆಚ್ಚು. ವ್ಯಾಪಾರಿ ಒಮ್ಮೆ ಕಣ್ಣಾಡಿಸಿ ಇಪ್ಪತ್ತು ರೂಪಾಯಿ ಎನ್ನುತ್ತಾನೆ. ಮೊಬೈಲ್ ಫೋನಿನಲ್ಲಿ ಅದೇ ನಾಣ್ಯಕ್ಕೆ ಐದು ಲಕ್ಷ ರೂಪಾಯಿ ಎಂದು ಓದಿ ಬಂದವರ ಮುಖ ಸಣ್ಣದಾಗುತ್ತದೆ.

ಈ ಐದು ಲಕ್ಷಕ್ಕೂ ಇಪ್ಪತ್ತು ರೂಪಾಯಿಗೂ ನಡುವಿನ ಅಂತರವನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಾಣ್ಯವನ್ನು ಬಲ್ಲವರೊಬ್ಬರ ಜೊತೆ ಒಂದು ದಿನ ಅಲ್ಲಿ ಓಡಾಡಬೇಕು. ನಗರದ ಜಯಲಕ್ಷ್ಮಿಪುರಂ ಬಡಾವಣೆಯಲ್ಲಿ ವಾಸವಾಗಿರುವ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಅದಕ್ಕೆ ಒಪ್ಪಿದರು. ಹೆಸರು ಮಾತ್ರ ಬರೆಯಕೂಡದು ಎಂಬುದು ಅವರ ಷರತ್ತು. ಸಂಗ್ರಾಹಕರಲ್ಲಿ ಬಹುತೇಕರು ಹೀಗೆಯೇ. ಹೆಸರು ಅಚ್ಚಾದರೆ ಮನೆಯಲ್ಲಿ ಚಿನ್ನವಿದೆ ಎಂದು ಊರಿಗೆಲ್ಲ ಡಂಗುರ ಸಾರಿದಂತೆ ಎಂಬ ಭಯ. ನಾಲ್ಕು ದಶಕಗಳಿಂದ ಅವರು ಮೈಸೂರು ಸೀಮೆಯ ನಾಣ್ಯಗಳನ್ನಷ್ಟೇ ಕೂಡಿಡುತ್ತಿದ್ದಾರೆ. ಮಗಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಸಂಗ್ರಹವನ್ನು ಮುಂದೆ ಏನು ಮಾಡಬೇಕೆಂಬುದನ್ನು ನಾಲ್ಕು ಜನರಲ್ಲಿ ವಿಚಾರಿಸುವುದೂ ಅಂದಿನ ಭೇಟಿಯ ಉದ್ದೇಶಗಳಲ್ಲಿ ಒಂದಾಗಿತ್ತು.

ಮೈಸೂರಿನಲ್ಲಿ ನಾಣ್ಯದ ಹವ್ಯಾಸಕ್ಕೆ ನೆಲದ ಗುಣವೂ ಇದೆ ಎನ್ನಬಹುದು. ಜಯಲಕ್ಷ್ಮಿಪುರಂನಿಂದ ಮಾನಸಗಂಗೋತ್ರಿ ಕೂಗಳತೆಯ ದೂರ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆ ಅಲ್ಲಿಯೇ ಇದೆ. ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇತಿಹಾಸ ಬೋಧಿಸಿದ ಡಾ. ಎ.ವಿ. ನರಸಿಂಹಮೂರ್ತಿ ಅವರು 1975ರಲ್ಲಿ ಪ್ರಕಟಿಸಿದ ಕರ್ನಾಟಕದ ನಾಣ್ಯಗಳನ್ನು ಕುರಿತ ಇಂಗ್ಲಿಷ್ ಗ್ರಂಥ ಇಂದಿಗೂ ಸಂಗ್ರಾಹಕರ ಕೈಪಿಡಿ. ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಹೊರತರುತ್ತಿದ್ದ ವಾರ್ಷಿಕ ವರದಿಗಳಲ್ಲಿ ನಾಣ್ಯಗಳಿಗೆಂದೇ ಪುಟಗಳು ಮೀಸಲಾಗಿರುತ್ತಿದ್ದವು. ಇನ್ನೊಂದು ದಿಕ್ಕಿನಲ್ಲಿ, ಮೇಟಗಳ್ಳಿಯ ಕಡೆ, 1996ರಿಂದ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ನಡೆಯುತ್ತಿದೆ.

ಚೀಲದಲ್ಲಿ ಏನೇನು?

ಬೆಳಗ್ಗೆ ಹೊರಡುವಾಗ ಅವರ ಬಟ್ಟೆಯ ಚೀಲದಲ್ಲಿ ಇದ್ದದ್ದು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂಗೈಯಗಲದ ವಿದ್ಯುನ್ಮಾನ ತಕ್ಕಡಿ, ಒಂದು ಸಣ್ಣ ಅಯಸ್ಕಾಂತ, ತಮ್ಮಲ್ಲಿ ಈಗಾಗಲೇ ಇರುವ ನಾಣ್ಯಗಳ ಪಟ್ಟಿ ಬರೆದ ನೋಟ್‌ಬುಕ್, ಮನೆಯಿಂದ ಕಟ್ಟಿಸಿಕೊಂಡ ಚಿತ್ರಾನ್ನ. ಖರ್ಚಿಗೆಂದು ನಿಗದಿ ಮಾಡಿದ ಮೊತ್ತ ನಗದಿನಲ್ಲಿ, ಪ್ರತ್ಯೇಕ ಜೇಬಿನಲ್ಲಿ. ಆ ಜೇಬು ಖಾಲಿಯಾದರೆ ಅಂದಿನ ಖರೀದಿ ಮುಗಿಯಿತು ಎಂದರ್ಥ. ಫೋನಿನಲ್ಲಿ ಹಣ ಕಳುಹಿಸುವ ಸೌಲಭ್ಯವನ್ನು ಅವರು ಪ್ರದರ್ಶನದ ದಿನಗಳಲ್ಲಿ ಬಳಸುವುದೇ ಇಲ್ಲ. ಕಾರಣವನ್ನು ವಿವರಿಸಬೇಕಾಗಿಲ್ಲ.

ಪ್ರದರ್ಶನಗಳು ಸಾಮಾನ್ಯವಾಗಿ ವಾರಾಂತ್ಯಕ್ಕೆ ಹೊಂದಿಕೊಂಡಂತೆ ಎರಡು ಮೂರು ದಿನ, ಕಲ್ಯಾಣ ಮಂಟಪ ಅಥವಾ ಸಭಾಂಗಣಗಳಲ್ಲಿ ನಡೆಯುತ್ತವೆ. ಒಂದು ಬದಿಗೆ ಸಂಗ್ರಾಹಕರು ತಮ್ಮ ನಾಣ್ಯ, ನೋಟು, ಅಂಚೆಚೀಟಿಗಳನ್ನು ಗಾಜಿನ ಚೌಕಟ್ಟುಗಳಲ್ಲಿ ಜೋಡಿಸಿಡುತ್ತಾರೆ; ಇವು ಮಾರಾಟಕ್ಕಲ್ಲ. ಉಳಿದ ಜಾಗವೆಲ್ಲ ವ್ಯಾಪಾರಿಗಳ ಮೇಜುಗಳು. ಮದುವೆಯಲ್ಲಿ ವಧೂವರರು ಕೂರುವ ವೇದಿಕೆಯ ಮೇಲೆ ಸಂಜೆಗೆ ಹರಾಜು ಇರುವುದುಂಟು. ಶಾಲೆಯ ಮಕ್ಕಳು ಸಾಲಾಗಿ ಬಂದು, 2006ರಲ್ಲಿ ಹೊರಬಂದ ಮಹಾತ್ಮ ಬಸವೇಶ್ವರರ ಸ್ಮರಣಾರ್ಥ 5 ರೂಪಾಯಿ ನಾಣ್ಯವನ್ನೋ, ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟನ್ನೋ ಕೊಂಡು ಹೋಗುತ್ತಾರೆ. ಆರಂಭಿಕರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಚಲಾವಣೆಯ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ: ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ ಟಂಕಸಾಲೆ. ಯಾವ ಗುರುತೂ ಇಲ್ಲದಿದ್ದರೆ ಅದು ಕೋಲ್ಕತ್ತದ್ದು. ಒಂದು ಪೈಸೆಯ ಹೆಚ್ಚಿನ ಖರ್ಚಿಲ್ಲದೆ, ದಿನಸಿ ಅಂಗಡಿಯ ಚಿಲ್ಲರೆಯಲ್ಲಿಯೇ ಈ ನಾಲ್ಕನ್ನೂ ಕೂಡಿಸಬಹುದು.

ನಮ್ಮ ಸಂಗ್ರಾಹಕರು ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳುವುದಿಲ್ಲ. ಎಲ್ಲ ಮೇಜುಗಳನ್ನೂ ಒಮ್ಮೆ ನೋಡಿ, ಬೆಲೆ ಕೇಳಿ, ಮರಳಿ ಬರುತ್ತಾರೆ. ಮೇಜಿನ ತುದಿಯಲ್ಲಿ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ರಾಶಿ ಹಾಕಿರುವ ಸವೆದ ತಾಮ್ರದ ಕಾಸುಗಳ ಬಳಿ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ವ್ಯಾಪಾರಿ ಓದದೆ ಬಿಟ್ಟಿರುವ ನಾಣ್ಯ ಅಲ್ಲಿ ಸಿಗುವ ಸಾಧ್ಯತೆ ಇರುತ್ತದೆ.

ಹಣವೆಂದರೆ ನಿಜಕ್ಕೂ ಒಂದು ನಾಣ್ಯ

ನಾವು ದಿನನಿತ್ಯ ಆಡುವ 'ಹಣ' ಎಂಬ ಮಾತು ಒಂದು ನಾಣ್ಯದ ಹೆಸರು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಹೊರಡಿಸಿದ ಕಂಠೀರಾಯಿ ಹಣ ಮೈಸೂರು ಸಂಗ್ರಾಹಕರ ಪಾಲಿಗೆ ಮೊದಲ ಪಾಠ. ಅರ್ಧ ಗ್ರಾಂಗಿಂತ ಕಡಿಮೆ ತೂಕದ, ಹೆಸರುಕಾಳಿಗಿಂತ ತುಸು ದೊಡ್ಡದೆನ್ನಬಹುದಾದ ಚಿನ್ನದ ಬಿಲ್ಲೆ. ಒಂದು ಬದಿಗೆ ನರಸಿಂಹ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲಿ ದೊರೆಯ ಹೆಸರು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಪೂರ್ತಿ ಹೆಸರು ಯಾವ ಒಂದು ನಾಣ್ಯದಲ್ಲೂ ಮೂಡುವುದು ಅಪರೂಪ. ನಾಲ್ಕೈದು ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ತುಂಡಾದ ಅಕ್ಷರವನ್ನು ಇನ್ನೊಂದರಲ್ಲಿ ಹುಡುಕಿ ಓದಬೇಕು.

ಹತ್ತು ಹಣಗಳಿಗೆ ಒಂದು ಕಂಠೀರಾಯಿ ವರಹ. ಆದರೆ ಪ್ರದರ್ಶನದಲ್ಲಿ ಯಾರಾದರೂ ಕಂಠೀರಾಯಿ ವರಹದ ನಾಣ್ಯ ಇದೆ ಎಂದು ತೋರಿಸಿದರೆ ಜಾಗ್ರತೆ ವಹಿಸಬೇಕು. ಅದು ಲೆಕ್ಕಪತ್ರದಲ್ಲಷ್ಟೇ ಇದ್ದ ವರಹ. ಲೆಕ್ಕ ಮಾತ್ರ ಎಂಥ ಲೆಕ್ಕ! 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಬ್ರಿಟಿಷರು ರಾಜ್ಯವನ್ನು ಹಂಚಿಕೊಂಡಾಗ, ಯಾವ ಸೀಮೆಯ ಕಂದಾಯ ಎಷ್ಟು ಎಂಬುದನ್ನು ಒಪ್ಪಂದದಲ್ಲಿ ಬರೆದದ್ದು ಈ ಕಂಠೀರಾಯಿ ವರಹಗಳಲ್ಲಿಯೇ. ಒಡೆಯರು ತೀರಿಕೊಂಡು ನೂರ ನಲವತ್ತು ವರ್ಷಗಳಾದ ಮೇಲೂ ಅವರ ಹೆಸರಿನ ಹಣವೇ ಅಳತೆಗೋಲಾಗಿತ್ತು.

ವರಹ ಎಂಬ ಹೆಸರಿನ ಹಿಂದೆ ಚಾಲುಕ್ಯರ ವರಾಹ ಲಾಂಛನವಿದೆ. ಯೂರೋಪಿನವರು ಅದೇ ನಾಣ್ಯವನ್ನು ಪಗೋಡ ಎಂದರು. ನಮ್ಮ ಕಾಸು ಅವರ ಬಾಯಲ್ಲಿ ಕ್ಯಾಶ್ ಆಯಿತು. ದುಡ್ಡು ಸಹ ಒಂದು ತಾಮ್ರದ ನಾಣ್ಯವೇ. ಪುಡಿಗಾಸು, ಬಿಡಿಗಾಸು, ಕಿಲುಬುಕಾಸು ಎಂದು ಮಾತಿನಲ್ಲಿ ಉಳಿದಿರುವುದೆಲ್ಲ ಒಂದು ಕಾಲದಲ್ಲಿ ಜನರ ಸೊಂಟದ ಚೀಲದಲ್ಲಿದ್ದವು.

ಇವೆಲ್ಲಕ್ಕಿಂತ ಹಳೆಯದು, ಕನ್ನಡಿಗರಿಗೆ ಹೆಚ್ಚು ಹೆಮ್ಮೆ ತರುವಂಥದು, ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ. ಅದರ ಮೇಲೆ ಹಳಗನ್ನಡದ ಲಿಪಿಯಲ್ಲಿ 'ಶ್ರೀ ತಳಕಾಡುಗೊಂಡ' ಎಂದಿದೆ. ಚೋಳರಿಂದ ತಲಕಾಡನ್ನು ಗೆದ್ದುಕೊಂಡವನು ಎಂಬ ಬಿರುದನ್ನು ಅರಸ ತನ್ನ ನಾಣ್ಯಕ್ಕೇ ಹಾಕಿಸಿದ. ಜಿಲ್ಲೆಯ ಊರಿನ ಹೆಸರು ಹನ್ನೆರಡನೆಯ ಶತಮಾನದ ಚಿನ್ನದ ಮೇಲೆ ಕನ್ನಡದಲ್ಲಿರುವುದನ್ನು ಗಾಜಿನ ಹಿಂದೆ ನೋಡಿದಾಗ, ನಾಣ್ಯದಲ್ಲಿ ಆಸಕ್ತಿ ಇಲ್ಲದವರೂ ಎರಡು ನಿಮಿಷ ನಿಲ್ಲುತ್ತಾರೆ. ಬೆಲೆ ನಮ್ಮ ಸಂಗ್ರಾಹಕರ ಜೇಬಿಗೆ ಎಟುಕುವಂಥದಲ್ಲ. ಅವರೂ ನೋಡಿ ಮುಂದೆ ನಡೆದರು.

ನಗರವೋ, ನಜರ್‌ಬಾರೋ?

ಅವರು ಅಂದು ಹುಡುಕುತ್ತಿದ್ದದ್ದು ಆನೆಯ ಚಿತ್ರದ ಒಂದು ತಾಮ್ರದ ನಾಣ್ಯವನ್ನು.

ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ, ಶಿವಪಾರ್ವತಿಯರ ಚಿತ್ರವಿದ್ದ ಇಕ್ಕೇರಿ ವರಹದ ಮಾದರಿಯನ್ನು ಬದಲಿಸದೆ ಮುಂದುವರಿಸಿದ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನಷ್ಟೇ ಹಾಕಿಸಿದ. ಪೇಟೆಯಲ್ಲಿ ಜನ ನಂಬಿರುವ ನಾಣ್ಯದ ರೂಪವನ್ನು ಕೆಡಿಸಿದರೆ ವ್ಯಾಪಾರ ಕೆಡುತ್ತದೆ ಎಂಬ ವ್ಯವಹಾರಜ್ಞಾನ ಅದರಲ್ಲಿ ಕಾಣುತ್ತದೆ. ಕೊನೆಯ ವರ್ಷಗಳಲ್ಲಿ ಅವನು ಆರಂಭಿಸಿದ ಆನೆಯ ತಾಮ್ರ ನಾಣ್ಯಗಳನ್ನು ಮಗ ಟಿಪ್ಪು ಹತ್ತಾರು ಟಂಕಸಾಲೆಗಳಲ್ಲಿ ಅಚ್ಚು ಹಾಕಿಸಿದ. ಶ್ರೀರಂಗಪಟ್ಟಣ 'ಪಟ್ಟಣ'ವಾಗಿ, ಬಿದನೂರು 'ನಗರ'ವಾಗಿ, ಚಿತ್ರದುರ್ಗ 'ಫರ್ರುಖ್‌ಯಾಬ್ ಹಿಸಾರ್' ಆಗಿ ಆ ನಾಣ್ಯಗಳ ಮೇಲೆ ಕಾಣಿಸುತ್ತವೆ. ಮುಂದೆ ಪ್ರತಿಯೊಂದಕ್ಕೂ ಆಕಾಶದಿಂದ ಹೆಸರಿಟ್ಟ: ಪೈಸೆಗೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಂ, ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ, ಎಲ್ಲಕ್ಕಿಂತ ಚಿಕ್ಕದಕ್ಕೆ ಕುತ್ಬ್, ಅಂದರೆ ಧ್ರುವ.

ಇಸವಿಯ ವಿಚಾರ ಇನ್ನೂ ಸ್ವಾರಸ್ಯಕರ. 1787ರಲ್ಲಿ ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ತನ್ನದೇ ಗಣನೆಯನ್ನು ಜಾರಿಗೆ ತಂದ. ನಾಣ್ಯಗಳಲ್ಲಿ ಅದು 1215ನೆಯ ವರ್ಷದಿಂದ ಕಾಣಿಸಿಕೊಳ್ಳುತ್ತದೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ್ದರಿಂದ, ಎಡದಿಂದ ಓದುವ ನಮ್ಮ ಕಣ್ಣಿಗೆ 1215 ಎಂಬುದು 5121 ಎಂದು ತೋರುತ್ತದೆ. ಈ ಗುಟ್ಟು ತಿಳಿಯದೆ ಅಚ್ಚು ಕೆತ್ತಿದ ನಕಲಿಕಾರ ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಜೆ.ಆರ್. ಹೆಂಡರ್ಸನ್ ಎಂಬ ವಿದ್ವಾಂಸ ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆ ಬರೆದು 1921ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಪುಸ್ತಕ ಶತಮಾನ ದಾಟಿದ ಮೇಲೂ ಈ ವಿಷಯದಲ್ಲಿ ಬಳಕೆಯಲ್ಲಿದೆ.

ಟಿಪ್ಪು ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಸಮೀಪದಲ್ಲಿಯೇ ಹೊಸ ಕೋಟೆ ಕಟ್ಟಿಸತೊಡಗಿದ್ದ. ಇಂದಿನ ನಜರ್‌ಬಾದ್ ಆ ಹೆಸರಿನ ನೆನಪು. ನಾಣ್ಯದಲ್ಲಿ ಅದು 'ನಜರ್‌ಬಾರ್'. ಅಂದರೆ ನಜರ್‌ಬಾರ್ ಎಂದು ಅಚ್ಚಾದ ಆನೆ ಪೈಸೆ ಮೈಸೂರಿನಲ್ಲಿಯೇ ಹುಟ್ಟಿದ್ದು. ಪಟ್ಟಣದ, ನಗರದ ನಾಣ್ಯಗಳು ಬೇಕಾದಷ್ಟು ಸಿಗುತ್ತವೆ, ಇದು ಹಾಗಲ್ಲ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಬ್ಬ ವ್ಯಾಪಾರಿ ಪಾರದರ್ಶಕ ಲಕೋಟೆಯಲ್ಲಿದ್ದ ನಾಣ್ಯವೊಂದನ್ನು ತೋರಿಸಿ ನಜರ್‌ಬಾರ್ ಎಂದ. ಬೆಲೆ ಸಾಮಾನ್ಯ ಆನೆ ಪೈಸೆಯ ಹತ್ತಾರು ಪಟ್ಟು. ನಮ್ಮ ಸಂಗ್ರಾಹಕರು ಕಿಟಕಿಯ ಬಳಿ ಹೋಗಿ, ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ನಗರ, ನಜರ್‌ಬಾರ್ ಎರಡೂ ಪರ್ಷಿಯನ್ ಲಿಪಿಯಲ್ಲಿ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಮುಂದಿನ ಭಾಗ ಸವೆದಿದ್ದರೆ ಆಸೆ ಓದಿಸಿದಂತೆ ಕಣ್ಣು ಓದುತ್ತದೆ. ಹೆಸರಿನ ಉದ್ದ ಎಷ್ಟಿರಬಹುದೆಂದು ಬಿಟ್ಟುಹೋದ ಜಾಗವನ್ನು ಅಳೆದರು. ತಮ್ಮ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡಿದ್ದ ಚಿತ್ರದೊಡನೆ ಹೋಲಿಸಿದರು. ಅಷ್ಟು ಅಕ್ಷರಗಳಿಗೆ ಅಲ್ಲಿ ಸ್ಥಳವೇ ಇರಲಿಲ್ಲ. ಅದು ನಗರದ ನಾಣ್ಯ. ವ್ಯಾಪಾರಿ ಮೋಸ ಮಾಡಿದನೆಂದು ಅವರು ಹೇಳಲಿಲ್ಲ. ಅವನೂ ಇನ್ನೊಬ್ಬರ ಮಾತು ನಂಬಿ ಕೊಂಡಿರಬಹುದು ಎಂದರು. ನಾಣ್ಯವನ್ನು ಮರಳಿಸಿ ಚಿತ್ರಾನ್ನದ ಡಬ್ಬಿ ತೆರೆದರು.

ಊಟದ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸೊಂದನ್ನು ಕೊಂಡರು. ಸಿಂಹದ ಚಿತ್ರ, ಮೇಲೆ ಕನ್ನಡದಲ್ಲಿ 'ಶ್ರೀ ಚಾಮುಂಡಿ', ಹಿಂಬದಿಯಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಬರಹ, ರೋಮನ್ ಅಂಕಿಯಲ್ಲಿ ಇಪ್ಪತ್ತು ಕ್ಯಾಶ್ ಎಂಬ ಇಂಗ್ಲಿಷ್ ಬರಹ, ಪರ್ಷಿಯನ್‌ನಲ್ಲಿ ಕೃಷ್ಣ ಎಂಬ ಹೆಸರು ಮತ್ತು ಮೈಸೂರು ಟಂಕಸಾಲೆಯ ಉಲ್ಲೇಖ. ಬೆರಳಗಲದ ತಾಮ್ರದ ಮೇಲೆ ಮೂರು ಭಾಷೆಗಳು. 1831ರಲ್ಲಿ ಆಡಳಿತ ಬ್ರಿಟಿಷ್ ಅಧಿಕಾರಿಗಳ ಕೈಗೆ ಹೋದ ನಂತರವೂ ಕೆಲವು ವರ್ಷ ಈ ಕಾಸುಗಳು ಹೊರಬಂದವು. 1843ರ ಇಸವಿಯವೇ ಕೊನೆಯವು. ಅಲ್ಲಿಗೆ ಮೈಸೂರಿನ ಸ್ವಂತ ನಾಣ್ಯದ ಕಥೆ ನಿಂತಿತು. ಹೈದರಾಬಾದ್, ತಿರುವಾಂಕೂರಿನಂಥ ಸಂಸ್ಥಾನಗಳು ಇಪ್ಪತ್ತನೆಯ ಶತಮಾನದವರೆಗೂ ತಮ್ಮ ನಾಣ್ಯ ಹೊರಡಿಸಿದವು. ನಾಲ್ವಡಿಯವರಂಥ ದೊರೆಯ ಹೆಸರಿನಲ್ಲಿ ಒಂದು ಕಾಸೂ ಇಲ್ಲವೆಂಬುದು ಇಲ್ಲಿನ ಸಂಗ್ರಾಹಕರಿಗೆ ಇಂದಿಗೂ ಒಂದು ಸಣ್ಣ ಕೊರಗು.

ಹುಣಸೆಹಣ್ಣು ಬೇಡ

ಅಸಲಿ ನಕಲಿಗಳನ್ನು ಗುರುತಿಸಲು ಸಾಮಾನ್ಯ ಓದುಗರಿಗೂ ಸಾಧ್ಯವಾಗುವ ಕೆಲವು ಪರೀಕ್ಷೆಗಳಿವೆ. ಹಳೆಯ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ನಕಲಿಯನ್ನು ಹೆಚ್ಚಾಗಿ ಎರಕ ಹೊಯ್ದು ಮಾಡುತ್ತಾರೆ. ಎರಕದ ನಾಣ್ಯದಲ್ಲಿ ಅಕ್ಷರದ ಅಂಚುಗಳು ಕರಗಿದ ಸೋಪಿನಂತೆ ಮೊಂಡಾಗಿರುತ್ತವೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಸುತ್ತಲ ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಕಾಣುತ್ತದೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತದೆ.

ಅಜ್ಜಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಿಗುವ ವಿಕ್ಟೋರಿಯಾ ರಾಣಿಯ ಅಥವಾ ಐದನೇ ಜಾರ್ಜನ ಬೆಳ್ಳಿ ರೂಪಾಯಿಗೆ ತೂಕವೇ ಸಾಕ್ಷಿ. ಅದು 11.66 ಗ್ರಾಂ ಇರಬೇಕು. ಸವೆತದಿಂದ ತುಸು ಕಡಿಮೆಯಾಗಬಹುದು, ಹೆಚ್ಚಂತೂ ಆಗಲಾರದು. ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೆ ಮಾತು ಮುಗಿಯಿತು. ಶೇ. 91.7ರಷ್ಟು ಬೆಳ್ಳಿಯಿದ್ದ ಈ ರೂಪಾಯಿ 1940ರ ದಶಕದ ಯುದ್ಧಕಾಲದಲ್ಲಿ ಅರ್ಧ ಬೆಳ್ಳಿಗೆ ಇಳಿಯಿತು. 1947ರ ಹೊತ್ತಿಗೆ ಬರಿಯ ನಿಕ್ಕಲ್ ಆಯಿತು. ಆರನೇ ಜಾರ್ಜನ 1939ರ ರೂಪಾಯಿ ವಿರಳ. ಆದ್ದರಿಂದಲೇ ಬೇರೆ ಇಸವಿಯ ಅಂಕಿಯನ್ನು ತಿದ್ದಿ 1939 ಮಾಡಿದವುಗಳ ಬಗ್ಗೆ ಎಚ್ಚರದಿಂದಿರಬೇಕು.

ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರಂಥ ಇಸವಿ, ಇನ್ನೊಂದು ಬದಿಗೆ ಸೀತಾರಾಮರೋ ಹನುಮಂತನೋ ಇರುವ 'ಅರ್ಧ ಆಣೆ'ಯನ್ನು ಹಲವರು ಭಕ್ತಿಯಿಂದ ದೇವರ ಕೋಣೆಯಲ್ಲಿಟ್ಟಿದ್ದಾರೆ. ಅಂಥ ಅರ್ಧ ಆಣೆಯನ್ನು ಕಂಪನಿ ಎಂದೂ ಅಚ್ಚು ಹಾಕಿಸಿರಲಿಲ್ಲ. ಅವು ಬಹು ಈಚಿನ ಬಿಲ್ಲೆಗಳು. ಪೂಜೆಗೆ ಅಡ್ಡಿಯಿಲ್ಲ, ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬಾರದು ಅಷ್ಟೆ. ಅಕ್ಕಿಯನ್ನು ಸೆಳೆಯುವ ತಾಮ್ರದ ನಾಣ್ಯ, ಅದರಲ್ಲಿ ಇರಿಡಿಯಂ ಇದೆ, ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆ ಎಂಬ 'ರೈಸ್ ಪುಲ್ಲಿಂಗ್' ಮಾತು ಇನ್ನೂ ಅಪಾಯಕಾರಿ. ದಕ್ಷಿಣ ರಾಜ್ಯಗಳ ಪೊಲೀಸ್ ಠಾಣೆಗಳಲ್ಲಿ ಈ ವಂಚನೆಯ ಪ್ರಕರಣಗಳು ಆಗಾಗ ದಾಖಲಾಗುತ್ತಲೇ ಇರುತ್ತವೆ.

ಇನ್ನು ಮನೆಯವರು ತಿಳಿಯದೆ ಮಾಡುವ ಹಾನಿ. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಗಳ ಜೊತೆಗೆ ತಾಮ್ರದ ಕಾಸುಗಳನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯುವಂತೆ ಮಾಡಿದರೆ, ಇನ್ನೂರು ವರ್ಷಗಳಲ್ಲಿ ಲೋಹದ ಮೇಲೆ ಕೂತ ಕಂದು ಪದರ ಹೋಗುತ್ತದೆ. ಅದರೊಂದಿಗೆ ಸಣ್ಣ ಅಕ್ಷರಗಳೂ, ಬೆಲೆಯೂ ಹೋಗುತ್ತವೆ. ಹಾಗೆ ಬೆಳಗಿದ ನಾಣ್ಯವನ್ನು ಸಂಗ್ರಾಹಕರು ಮುಟ್ಟುವುದಿಲ್ಲ. ಕಾಸಿನ ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯದ ಗತಿಯೂ ಅದೇ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಲಕೋಟೆಗಳು ಕಾಲಕ್ರಮದಲ್ಲಿ ಜಿಡ್ಡು ಬಿಟ್ಟು ಹಸಿರು ಕಿಲುಬು ಹಿಡಿಸುತ್ತವೆ. ಕಾಗದದ ಲಕೋಟೆ, ಒಣಗಿದ ಜಾಗ, ಅಂಚಿನಲ್ಲಷ್ಟೇ ಹಿಡಿಯುವ ಅಭ್ಯಾಸ ಇದ್ದರೆ ಸಾಕು.

ಐದು ಲಕ್ಷದ ಮಾತು

ಮತ್ತೆ ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ವೈಷ್ಣೋದೇವಿಯ ಚಿತ್ರವಿರುವ 5 ಮತ್ತು 10 ರೂಪಾಯಿ ನಾಣ್ಯ, ಟ್ರ್ಯಾಕ್ಟರ್ ನೋಟು, 786 ಅಂಕಿಯ ನೋಟುಗಳಿಗೆ ಲಕ್ಷಾಂತರ ರೂಪಾಯಿ ಎಂಬ ಜಾಹೀರಾತುಗಳು ಯಾರ ಫೋನಿಗೆ ಬಂದಿಲ್ಲ? ಆಸೆಯಿಂದ ಕರೆ ಮಾಡಿದವರಿಗೆ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿಯ ಶುಲ್ಕ ಎಂದು ಹಣ ಕಟ್ಟಿಸಿಕೊಳ್ಳುತ್ತಾರೆ. ನಾಣ್ಯವನ್ನು ಕೊಳ್ಳಲು ಮಾತ್ರ ಯಾರೂ ಬರುವುದಿಲ್ಲ. ಇಂಥ ವಂಚನೆಗೆ ತನ್ನ ಹೆಸರು, ಲಾಂಛನ ಬಳಕೆಯಾಗುತ್ತಿರುವುದನ್ನು ಕಂಡು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಎಚ್ಚರಿಕೆ ಪ್ರಕಟಿಸಿತು. ಹಳೆಯ ನೋಟು, ನಾಣ್ಯಗಳ ಖರೀದಿ ಮಾರಾಟದಲ್ಲಿ ತಾನು ತೊಡಗಿಲ್ಲ, ಅದಕ್ಕಾಗಿ ಶುಲ್ಕ ಅಥವಾ ಕಮಿಷನ್ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. ಹಣ ಕಳೆದುಕೊಂಡವರು ತಡ ಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ನಾಣ್ಯದ ಬೆಲೆಯನ್ನು ತೀರ್ಮಾನಿಸುವುದು ವಯಸ್ಸಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿದೆ, ಬೇಕೆನ್ನುವವರು ಎಷ್ಟು ಜನ ಎಂಬ ಮೂರು ಸಂಗತಿಗಳು. ಮುನ್ನೂರು ವರ್ಷದ ತಾಮ್ರದ ಕಾಸು ಒಂದು ಊಟದ ಬೆಲೆಗೆ ಸಿಗಬಹುದು. ಬಳಕೆಯಾಗದ, ಹೊಳಪು ಮಾಸದ ಕಳೆದ ಶತಮಾನದ ಒಂದು ನಾಣ್ಯ ಅದರ ನೂರು ಪಟ್ಟು ಬೆಲೆ ಬಾಳಬಹುದು.

ನೋಟುಗಳನ್ನು ಕೂಡಿಡುವವರಿಗೆ ಇನ್ನೊಂದು ಕಾನೂನಿನ ಗೆರೆ ಇದೆ. 2016ರ ನವೆಂಬರ್ 8ರಂದು ರದ್ದಾದ 500 ಮತ್ತು 1000 ರೂಪಾಯಿ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ಅಪರಾಧ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ ಇಪ್ಪತ್ತೈದರವರೆಗೆ ವಿನಾಯಿತಿ. ಪ್ರದರ್ಶನದಲ್ಲಿ ಕಟ್ಟುಗಟ್ಟಲೆ ಹಳೆಯ ನೋಟು ತೋರಿಸುವವರನ್ನು ಕಂಡರೆ ದೂರ ಸರಿಯುವುದು ಒಳಿತು.

ಮಗಳಿಗೆ ಕೊಡಲಾಗದ ಆಸ್ತಿ

ಸಂಜೆಯ ಹೊತ್ತಿಗೆ ನಮ್ಮ ಸಂಗ್ರಾಹಕರು ತಮ್ಮ ಎರಡನೆಯ ಉದ್ದೇಶಕ್ಕೆ ಬಂದರು. ಪರಿಚಯದ ಇಬ್ಬರು ವ್ಯಾಪಾರಿಗಳ ಬಳಿ ಸಂಗ್ರಹದ ಪಟ್ಟಿಯನ್ನು ತೋರಿಸಿದರು. ಇಬ್ಬರ ಉತ್ತರವೂ ಒಂದೇ ಬಗೆಯದು. ಕಂಠೀರಾಯಿ ಹಣಗಳನ್ನು, ಒಳ್ಳೆಯ ಸ್ಥಿತಿಯ ಟಿಪ್ಪು ರೂಪಾಯಿಗಳನ್ನು ಈಗಲೇ ತೆಗೆದುಕೊಳ್ಳುತ್ತೇವೆ. ಸವೆದ ತಾಮ್ರದ ಕಾಸುಗಳು ಬೇಡ. ಆದರೆ ಸಂಗ್ರಹದ ನಿಜವಾದ ತೂಕ ಇರುವುದು ಆ ಸವೆದ ಕಾಸುಗಳಲ್ಲಿಯೇ. ಆನೆಯ ಚಿತ್ರ ಅಥವಾ ಕನ್ನಡದ ಅಂಕಿ ಒಂದು ಬದಿಗೆ, ಅಡ್ಡಗೆರೆ ಉದ್ದಗೆರೆಗಳ ಚೌಕುಳಿ ಇನ್ನೊಂದು ಬದಿಗೆ ಇರುವ ಹಳೆಯ ಮೈಸೂರು ಕಾಸುಗಳಲ್ಲಿ ದೊರೆಯ ಹೆಸರೇ ಇರುವುದಿಲ್ಲ. ಯಾವುದು ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬುದರಿಂದಲೇ ಅವುಗಳ ಕಾಲ ಊಹಿಸಬೇಕು. ನಂಜನಗೂಡಿನ ಸಂತೆ, ಶ್ರೀರಂಗಪಟ್ಟಣದ ಗುಜರಿ ಅಂಗಡಿ, ಕೊಳ್ಳೇಗಾಲದ ಪಾತ್ರೆ ವ್ಯಾಪಾರಿ ಎಂದು ಪ್ರತಿಯೊಂದು ಎಲ್ಲಿ ದೊರೆಯಿತೆಂಬುದನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಸಂಗ್ರಹ ಒಡೆದು ಹಂಚಿಹೋದರೆ ಆ ಬರಹಕ್ಕೂ ನಾಣ್ಯಕ್ಕೂ ಸಂಬಂಧ ಕಡಿದುಹೋಗುತ್ತದೆ.

ಅಮೆರಿಕದ ಮಗಳಿಗೆ ಕೊಟ್ಟುಬಿಡಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಕಾನೂನು ಒಪ್ಪುವುದಿಲ್ಲ. 1976ರಿಂದ ಜಾರಿಯಲ್ಲಿರುವ 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಕೇಂದ್ರ ಸರ್ಕಾರ ಅಥವಾ ಅದರ ಅಧಿಕೃತ ಸಂಸ್ಥೆಯ ಹೊರತು ಬೇರೆಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ತಪ್ಪಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆಮನೆ ಮತ್ತು ದಂಡ. ಹೆಚ್ಚಿನವರಿಗೆ ತಿಳಿಯದ ಸಂಗತಿಯೆಂದರೆ ಈ ನೂರು ವರ್ಷದ ಗಡಿ ಪ್ರತಿ ವರ್ಷವೂ ಮುಂದೆ ಸರಿಯುತ್ತಿದೆ. ಐದನೇ ಜಾರ್ಜನ ಬೆಳ್ಳಿ ರೂಪಾಯಿಗಳು ಚಲಾವಣೆಗೆಂದು ಅಚ್ಚಾದದ್ದು 1911ರಿಂದ 1922ರವರೆಗೆ. ಅವೆಲ್ಲ ಈಗ ಪುರಾತನ ವಸ್ತುಗಳ ಸಾಲಿಗೆ ಸೇರಿವೆ. ಲಕ್ಷ್ಮೀಪೂಜೆಗೆಂದು ಅಜ್ಜಿ ಕೊಟ್ಟ ಬೆಳ್ಳಿ ರೂಪಾಯಿಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ವಿಮಾನ ಹತ್ತುವ ಕನ್ನಡದ ಸಂಸಾರಗಳು ಇದನ್ನು ಅರಿತಿರುವುದು ಕ್ಷೇಮ.

ನೆಲದಲ್ಲಿ ಸಿಕ್ಕ ನಾಣ್ಯದ ಕಾನೂನು ಬೇರೆ. ಮನೆಯ ಪಾಯ ತೋಡುವಾಗ, ಹೊಲ ಉಳುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕರೆ ಅದು ನಿಧಿ. ದೇಶಕ್ಕೆ 1878ರ ನಿಧಿ ಕಾಯ್ದೆಯಿದ್ದು, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೆದರಿಕೆಗೋ ಆಸೆಗೋ ತಿಳಿಸದೆ, ರಾತ್ರೋರಾತ್ರಿ ಅಕ್ಕಸಾಲಿಗರ ಮೂಸೆಗೆ ಹೋದ ಹಣ, ವರಹಗಳಿಗೆ ಲೆಕ್ಕವಿಡುವವರಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಸಾತವಾಹನರ ಸೀಸದ ನಾಣ್ಯಗಳು ಮತ್ತು ರೋಮನ್ ಬೆಳ್ಳಿ ನಾಣ್ಯಗಳು, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ನಾಣ್ಯಗಳ ನಿಧಿ ಸರ್ಕಾರದ ಗಮನಕ್ಕೆ ಬಂದದ್ದರಿಂದಲೇ, ಈ ಒಳನಾಡಿಗೆ ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಹಣ ಬರುತ್ತಿತ್ತೆಂದು ನಮಗೆ ತಿಳಿದದ್ದು. ಅವುಗಳನ್ನು ಬೆಳ್ಳಿಯ ದರಕ್ಕೆ ಮಾರಿಬಿಟ್ಟಿದ್ದರೆ ಸಿಗುತ್ತಿದ್ದದ್ದು ಕೆಲವು ಬಟ್ಟಲುಗಳಿಗಾಗುವಷ್ಟು ಲೋಹ.

ಸಂಗ್ರಹಾಲಯಕ್ಕೆ ದಾನ ಕೊಡುವ ದಾರಿ ಉಳಿದಿದೆ. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿಯೇ. ಈ ಬಗ್ಗೆ ಸಂಗ್ರಾಹಕರಲ್ಲಿ ಒಂದೇ ಅಭಿಪ್ರಾಯವಿಲ್ಲ. ಕೊಟ್ಟದ್ದು ಕತ್ತಲ ಕೋಣೆಯ ಬೀರು ಸೇರುತ್ತದೆ ಎಂಬ ಅಳುಕು ಕೆಲವರದು; ಮನೆಯಲ್ಲಿದ್ದರೆ ಮೊಮ್ಮಕ್ಕಳು ಮಾರುತ್ತಾರೆ, ಅದಕ್ಕಿಂತ ಬೀರುವೇ ವಾಸಿ ಎನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ ರೆಜ್ವಾನ್ ರಜಾಕ್ ಅವರು ತಮ್ಮ ಕಾಗದದ ಹಣದ ಸಂಗ್ರಹಕ್ಕೆ 2020ರಲ್ಲಿ ಸ್ವಂತ ವಸ್ತುಸಂಗ್ರಹಾಲಯವನ್ನೇ ತೆರೆದರು. ಪಿಂಚಣಿಯಲ್ಲಿ ಬದುಕುವವರಿಗೆ ಆ ದಾರಿ ಇಲ್ಲ. ಯಾವುದೇ ದಾರಿ ಹಿಡಿದರೂ ಮೊದಲು ಆಗಬೇಕಾದ ಕೆಲಸ ಒಂದೇ ಎಂಬುದು ಅಲ್ಲಿ ನೆರೆದಿದ್ದ ಹಿರಿಯ ಸಂಗ್ರಾಹಕರ ಸಲಹೆ: ಪ್ರತಿ ನಾಣ್ಯದ ಎರಡೂ ಬದಿಯ ಛಾಯಾಚಿತ್ರ, ತೂಕ, ಸಿಕ್ಕ ಸ್ಥಳ, ಸಿಕ್ಕ ವರ್ಷ ಬರೆದ ಚೀಟಿ ಅದೇ ಲಕೋಟೆಯೊಳಗಿರಬೇಕು. ನೋಟ್‌ಬುಕ್ ಒಂದು ಕಡೆ, ನಾಣ್ಯ ಒಂದು ಕಡೆ ಇರಬಾರದು.

ನಮ್ಮ ಸಂಗ್ರಾಹಕರ ಬಳಿ ಇರುವುದು ಸುಮಾರು ಆರುನೂರು ನಾಣ್ಯಗಳು. ದಿನಕ್ಕೆ ಹತ್ತರಂತೆ ಚೀಟಿ ಬರೆದರೆ ಎರಡು ತಿಂಗಳ ಕೆಲಸ ಎಂದು ಅವರು ಲೆಕ್ಕ ಹಾಕಿದರು. ಖರೀದಿಗೆಂದು ಮೀಸಲಿಟ್ಟ ಜೇಬಿನಲ್ಲಿ ಉಳಿದಿದ್ದ ಹಣದಿಂದ ಬಾಗಿಲ ಪಕ್ಕದ ಮೇಜಿನಲ್ಲಿ ಕಾಗದದ ಲಕೋಟೆಗಳ ಆರು ಕಟ್ಟುಗಳನ್ನು ಕೊಂಡರು.